ಕೆಂಪು ಬಸ್ಸಿನ ಮಂಕು ದೀಪಗಳು

ಒಂದೂವರೆ ವರ್ಷದಿಂದ ನನ್ನ ಮೇಜಿನ ಮೇಲೆ ಒಂದು ಕೆಂಪು ಬಸ್ಸು ನಿಂತಿದೆ. 46 ಸೆಂಟಿಮೀಟರ್ ಉದ್ದ, ಹತ್ತೂಚಿಲ್ಲರೆ ಸೆಂಟಿಮೀಟರ್ ಅಗಲ. ನಾನೇ ಕಟ್ಟಿದ ಮಾಡೆಲ್ ಇದು, 11 ಮೀಟರಿನ ನಿಜವಾದ ಬಸ್ಸನ್ನು 24ರಿಂದ ಭಾಗಿಸಿದರೆ ಇಷ್ಟೇ ಬರುವುದು. ಬಾಡಿ ಪೂರ್ತಿ 3 ಮಿಲಿಮೀಟರಿನ ಸನ್‌ಬೋರ್ಡ್, ಅದೇ ಫ್ಲೆಕ್ಸ್ ಅಂಗಡಿಯವರು ನಾಮಫಲಕಕ್ಕೆ ಬಳಸುವ ಬಿಳಿ ಹಾಳೆ. ಬಾಡಿ ಕಟ್ಟಿದ ಕಥೆ ಬೇರೆ, ಅದನ್ನು ಇಲ್ಲಿ ತೆಗೆಯುವುದಿಲ್ಲ. ಇವತ್ತು ಲೈಟಿನ ವಿಷಯ ಮಾತ್ರ. ಯಾಕೆಂದರೆ ಬಾಡಿಗೆ ಹಿಡಿದದ್ದು ಮೂರು ತಿಂಗಳು, ಲೈಟಿಗೆ ಹಿಡಿದದ್ದು ಹೆಚ್ಚುಕಮ್ಮಿ ಒಂದು ವರ್ಷ, ಅದೂ ಎರಡೆರಡು ಸಲ.

ಮೊದಲ ಸಲ ಲೈಟ್ ಹಾಕಿ ಮುಗಿಸಿದ ದಿನ ನನಗೆ ಭಾರಿ ಖುಷಿಯಾಗಿತ್ತು. ಹೆಡ್‌ಲೈಟ್ ಎರಡು, ಹಿಂದೆ ಕೆಂಪು ದೀಪ ಎರಡು, ಇಂಡಿಕೇಟರ್ ನಾಲ್ಕು, ಒಳಗೆ ಎಂಟು, ಊರಿನ ಹೆಸರಿರುವ ಬೋರ್ಡಿಗೆ ಎರಡು. ರೂಮಿನ ಲೈಟ್ ಆರಿಸಿ ಸ್ವಿಚ್ ಒತ್ತಿದರೆ ಗೋಡೆ ಮೇಲೆಲ್ಲ ಬೆಳಕು. ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಸೋದರಮಾವ ಮಾತ್ರ ಏನೂ ಹೇಳಲಿಲ್ಲ. ಅವರು ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವರು, ಅದರಲ್ಲಿ ಬಹಳ ವರ್ಷ ಹಾಸನದಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ರಾತ್ರಿ ಗಾಡಿ. ನಾನು ಈ ಬಸ್ಸು ಕಟ್ಟಿದ್ದೇ ಅವರ ನೆನಪಿನಲ್ಲಿ. ಅಂದರೆ ಅವರಿನ್ನೂ ಗಟ್ಟಿಮುಟ್ಟಾಗಿದ್ದಾರೆ, ಚಿಕ್ಕಂದಿನಲ್ಲಿ ಅವರ ಬಸ್ಸಿನ ಬಾನೆಟ್ ಪಕ್ಕ ಕೂತು ಹೋದ ನೆನಪು ಅಂತ ಅರ್ಥ.

ಆಮೇಲೆ ಯಾವುದೋ ನಾಮಕರಣಕ್ಕೆ ಬೆಂಗಳೂರಿಗೆ ಬಂದಾಗ ನೋಡಿದರು. ಕನ್ನಡಕ ಹಾಕಿಕೊಂಡು ಸುತ್ತ ಒಂದು ರೌಂಡ್ ಹೊಡೆದರು. ಬಾಗಿಲ ಹಿಡಿ, ಏಣಿ, ಮೇಲಿನ ಕ್ಯಾರಿಯರ್ ಎಲ್ಲಕ್ಕೂ ತಲೆ ಆಡಿಸಿದರು. ನಾನು ಸ್ವಿಚ್ ಒತ್ತಿದೆ.

"ಏನೋ ಇದು, ಮದುವೆ ಛತ್ರ ಇದ್ದಂಗೈತೆ" ಅಂದರು.

"ಚೆನ್ನಾಗಿಲ್ವಾ ಮಾವ?"

"ಚೆನ್ನಾಗೈತೆ ಕಣೋ. ಆದ್ರೆ ನಮ್ಮ ಬಸ್ಸಿಗೆ ಇಷ್ಟು ಬೆಳಕು ಎಲ್ಲಿತ್ತು? ಇದರಲ್ಲಿ ನಾಲ್ಕನೇ ಭಾಗ ಇದ್ದಿದ್ರೂ ಘಾಟೀಲಿ ಆರಾಮಾಗಿ ಇಳೀತಿದ್ದೆ."

ಕೂತು ಕಾಫಿ ಕುಡಿಯುತ್ತಾ ಅರ್ಧ ಗಂಟೆ ಪಾಠ ಮಾಡಿದರು. ಒಳಗೆ ಇದ್ದದ್ದು ಹಳದಿ ಬಲ್ಬು, ಟಿಕೆಟ್ ಹರಿಯುವಾಗ ಕಂಡಕ್ಟರಿಗೆ ಚಿಲ್ಲರೆ ಕಂಡರೆ ಸಾಕು ಅನ್ನುವಷ್ಟು. ಎಂಟಕ್ಕೆ ಎಂಟೂ ಉರಿದರೆ ಅದು ಹೊಸ ಬಸ್ಸು ಅಂತ ಲೆಕ್ಕ. ಘಾಟಿ ಶುರುವಾದರೆ ಒಳಗಿನ ಲೈಟ್ ಆರಿಸಲೇಬೇಕು, ಇಲ್ಲದಿದ್ದರೆ ಮುಂದಿನ ಗಾಜಿನಲ್ಲಿ ಸೀಟು, ಜನ, ಬುಟ್ಟಿ ಎಲ್ಲ ಕಾಣುತ್ತವೆಯೇ ಹೊರತು ರಸ್ತೆ ಕಾಣುವುದಿಲ್ಲ. ಇನ್ನು ಸೆಲ್ಫ್ ಹೊಡೆದಾಗ ಎಲ್ಲ ಲೈಟೂ ಒಂದು ಕ್ಷಣ ಸತ್ತ ಹಾಗಾಗಿ ಎಂಜಿನ್ ಹಿಡಿದ ಮೇಲೆ ಮತ್ತೆ ಜೀವ ಬರುತ್ತದೆ. "ಅದು ಎಲ್ಲೈತೆ ನಿನ್ನ ಬಸ್ಸಲ್ಲಿ?" ಅಂದರು.

ಅದು ಇರಲಿಲ್ಲ. ನನಗೆ ಚೆನ್ನಾಗಿ ನೆನಪಿದ್ದ ವಿಷಯವೇ ಅದು. ರಾತ್ರಿ ಹನ್ನೊಂದಕ್ಕೆ ಸಕಲೇಶಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತು, ಚಾ ಕುಡಿದು ಬಂದ ಡ್ರೈವರ್ ಸೆಲ್ಫ್ ಹೊಡೆದಾಗ ಒಳಗಿನ ಬಲ್ಬೆಲ್ಲ ಕೆಂಡದ ಬಣ್ಣಕ್ಕೆ ಇಳಿದು ನಡುಗುವುದು, ನಿದ್ದೆಗಣ್ಣಿನ ಜನ ಒಮ್ಮೆ ಮೇಲೆ ನೋಡುವುದು. ಅದನ್ನು ಬಿಟ್ಟು ನಾನು ಎಕ್ಸಿಬಿಷನ್ ಲೈಟಿಂಗ್ ಮಾಡಿಟ್ಟಿದ್ದೆ.

ನನಗೆ ಅವತ್ತು ಹೊಳೆದದ್ದು ಇಷ್ಟು. ಎಲ್‌ಇಡಿ ನೋಡೋಕೆ ತೀರಾ ಒಳ್ಳೆಯ ಹುಡುಗ. ಒತ್ತಿದ ಕೂಡಲೇ ಉರಿಯುತ್ತದೆ, ಬಿಟ್ಟ ಕೂಡಲೇ ಆರುತ್ತದೆ, ಮಂಕಾದರೂ ಬಣ್ಣ ಬದಲಾಗುವುದಿಲ್ಲ. ಹಳೆ ಬಲ್ಬಿಗೆ ಇದ್ದ ಸೋಮಾರಿತನ, ಸಿಡುಕು, ಆಯಾಸ ಯಾವುದೂ ಇದಕ್ಕಿಲ್ಲ. ಮಾಡೆಲ್ ನಿಜವಾದ ಬಸ್ಸಿನ ಹಾಗೆ ಕಾಣಬೇಕಾದರೆ ಆ ಕೆಟ್ಟ ಗುಣಗಳನ್ನೆಲ್ಲ ಇದಕ್ಕೆ ಕಲಿಸಬೇಕು. ಮಾವ ಊರಿಗೆ ಹೋದ ಮಾರನೇ ದಿನವೇ ರೂಫ್ ಬಿಚ್ಚಿ ಎಲ್ಲ ವೈರ್ ಕಿತ್ತೆ.

ಮೊದಲ ಸಲ ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಯಾರಾದರೂ ಶುರು ಮಾಡುವವರಿಗೆ ಉಪಯೋಗಕ್ಕೆ ಬರಬಹುದು. ದೊಡ್ಡ ತಪ್ಪು ರೆಸಿಸ್ಟರಿನಲ್ಲಿ, ಅಂದರೆ ಕರೆಂಟಿಗೆ ಕಡಿವಾಣ ಹಾಕುವ ಪುಟ್ಟ ಬಿಡಿಭಾಗದಲ್ಲಿ, ಜಿಪುಣತನ. ಇಷ್ಟೊಂದು ಎಲ್‌ಇಡಿಗೆ ಇಷ್ಟೊಂದು ರೆಸಿಸ್ಟರ್ ಯಾಕೆ, ಎಲ್ಲವನ್ನೂ ಪ್ಯಾರಲಲ್ ಆಗಿ, ಅಂದರೆ ಪಕ್ಕಪಕ್ಕ ಕಟ್ಟಿ ಒಂದೇ ರೆಸಿಸ್ಟರ್ ಕೊಟ್ಟರೆ ಸಾಕಲ್ವಾ ಅಂತ ಅಂದುಕೊಂಡಿದ್ದೆ. ಹೆಡ್‌ಲೈಟ್ ಉರಿಯಿತು. ಅದೇ ವೈರಿಗೆ ಹಿಂದಿನ ಕೆಂಪು ದೀಪ ಜೋಡಿಸಿದ ಕೂಡಲೇ ಕೆಂಪು ಉರಿದು ಹೆಡ್‌ಲೈಟ್ ಆರಿಹೋಯಿತು. ಸೋಲ್ಡರ್ ಬಿಟ್ಟಿರಬೇಕು ಅಂತ ಎರಡು ಗಂಟೆ ಹುಡುಕಿದೆ. ಸೋಲ್ಡರ್ ಸರಿಯಾಗೇ ಇತ್ತು. ಕೆಂಪು ಎಲ್‌ಇಡಿ 2 ವೋಲ್ಟಿಗೇ ಉರಿಯುತ್ತದೆ, ಬಿಳಿಗೆ 3 ವೋಲ್ಟ್ ಹತ್ತಿರ ಬೇಕು. ಎರಡನ್ನೂ ಒಂದೇ ಕಡೆ ಕಟ್ಟಿದರೆ ಕೆಂಪು ಅಲ್ಲಿನ ವೋಲ್ಟೇಜನ್ನು 2ಕ್ಕೇ ಹಿಡಿದು ಕೂರುತ್ತದೆ, ಬಿಳಿಗೆ ಏನೂ ಉಳಿಯುವುದಿಲ್ಲ. ಪಂಕ್ತಿಯಲ್ಲಿ ಮೊದಲು ಕೂತವನೇ ಪಾಯಸದ ಪಾತ್ರೆ ಖಾಲಿ ಮಾಡಿದ ಹಾಗೆ.

ಹಾಗಾಗಿ ಒಂದೊಂದು ಎಲ್‌ಇಡಿಗೂ ಅದರದ್ದೇ ರೆಸಿಸ್ಟರ್. ಲೆಕ್ಕ ಸುಲಭ. ಕೊಡುವುದು 5 ವೋಲ್ಟ್, ಬಿಳಿ ಎಲ್‌ಇಡಿ ತಿನ್ನುವುದು 3, ಉಳಿದದ್ದು 2 ವೋಲ್ಟ್. 5 ಮಿಲಿಆಂಪ್ ಹರಿಯಬೇಕಾದರೆ 2 ಭಾಗಿಸು 0.005, ಬಂತು 400 ಓಮ್. ಅಂಗಡಿಯಲ್ಲಿ ಸಿಗುವುದು 390 ಅಥವಾ 470. ಕೆಂಪಿಗೆ ಇದೇ ಲೆಕ್ಕದಲ್ಲಿ 600 ಬರುತ್ತದೆ, 560 ಅಥವಾ 680 ಹಾಕಿ. ಅಂಗಡಿಯವರು 20 ಮಿಲಿಆಂಪ್ ಕೊಡಬಹುದು ಅನ್ನುತ್ತಾರೆ, ನಿಜ, ಎಲ್‌ಇಡಿ ತಡೆದುಕೊಳ್ಳುತ್ತದೆ. ಆದರೆ ಮಾಡೆಲ್ ತಡೆದುಕೊಳ್ಳುವುದಿಲ್ಲ, ನನ್ನ ಬಸ್ಸು ಮದುವೆ ಛತ್ರ ಆದದ್ದೇ ಹಾಗೆ. ಈಗ ಒಳಗಿನ ದೀಪಗಳಿಗೆ 2.2 ಕಿಲೋಓಮ್ ಹಾಕಿದ್ದೇನೆ, ಒಂದೊಂದಕ್ಕೂ ಒಂದು ಮಿಲಿಆಂಪ್ ಹರಿದರೆ ಹೆಚ್ಚು. ಕತ್ತಲಲ್ಲಿ ನೋಡಿದರೆ ಅದೂ ಜಾಸ್ತಿಯೇ ಅನ್ನಿಸುತ್ತದೆ.

ಸಾಮಾನೆಲ್ಲ ಎಸ್‌ಪಿ ರೋಡಿನದು. ಗೊತ್ತಿಲ್ಲದವರಿಗೆ, ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ, ಎಲೆಕ್ಟ್ರಾನಿಕ್ಸ್ ಹುಚ್ಚು ಇರುವವರಿಗೆ ಅದೇ ಕಾಶಿ. ಹಳೆ ಬಲ್ಬಿನ ಹಳದಿ ಛಾಯೆಯ ಬಿಳಿಗೆ ವಾರ್ಮ್ ವೈಟ್ ಅನ್ನುತ್ತಾರೆ. ಒಂದು ಅಂಗಡಿಯಲ್ಲಿ "ವಾರ್ಮ್ ವೈಟ್ ಕೊಡಿ ಅಣ್ಣಾ" ಅಂದರೆ ಪ್ಯಾಕೆಟ್ ಕಟ್ಟಿ ಕೊಟ್ಟರು, ಮನೆಗೆ ಬಂದು ನೋಡಿದರೆ ಪೂರ್ತಿ ಕೂಲ್ ವೈಟ್, ಟ್ಯೂಬ್‌ಲೈಟಿನ ನೀಲಿ ಛಾಯೆ. ಅಂಗಡಿಯಲ್ಲೇ ಒಂದನ್ನು ಉರಿಸಿ ನೋಡದ ನನ್ನದೂ ತಪ್ಪು. ಮಲ್ಟಿಮೀಟರಿನಲ್ಲಿ ಡಯೋಡ್ ಗುರುತಿಗೆ ತಿರುಗಿಸಿ ಮೊನೆ ಮುಟ್ಟಿಸಿದರೆ ಎಲ್‌ಇಡಿ ಮಿಣುಕುತ್ತದೆ, ಪ್ಲಸ್ ಯಾವುದು ಮೈನಸ್ ಯಾವುದು ಅಂತಲೂ ಗೊತ್ತಾಗುತ್ತದೆ. ಈಗ ಜೇಬಿನಲ್ಲಿ ಮೀಟರ್ ಇಟ್ಟುಕೊಂಡೇ ಹೋಗುತ್ತೇನೆ.

ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆ ಅಂತ ಆ ಕೂಲ್ ವೈಟಿಗೇ ಗ್ಲಾಸ್ ಪೇಂಟಿಂಗಿನ ಹಳದಿ ಬಳಿದೆ. ಬಂದದ್ದು ಹಳದಿಯಲ್ಲ, ನಿಂಬೆಕಾಯಿ ಬಣ್ಣ. ಬಸ್ಸಿನ ಒಳಗೆಲ್ಲ ಯಾರಿಗೋ ವಾಂತಿ ಬರುವ ಹಾಗಿತ್ತು. ಯಾಕೆ ಹೀಗೆ ಅಂತ ಓದಿದ ಮೇಲೆ ತಿಳಿಯಿತು, ಬಿಳಿ ಎಲ್‌ಇಡಿ ಅನ್ನುವುದು ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಅನ್ನುವ ಪುಡಿಯ ಲೇಪ ಇರುತ್ತದೆ, ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರ ಮೂವರಿಗೆ ಫಿಸಿಕ್ಸಿನ ನೊಬೆಲ್ ಬಂದದ್ದು. ಕೂಲ್ ವೈಟಿನಲ್ಲಿ ಕೆಂಪಿನ ಪಾಲು ಮೊದಲೇ ಕಡಿಮೆ. ಮೇಲಿಂದ ಹಳದಿ ಬಳಿದರೆ ನೀಲಿ ಹೋಗುತ್ತದೆ, ಆದರೆ ಇಲ್ಲದ ಕೆಂಪು ಎಲ್ಲಿಂದ ಬರಬೇಕು? ಹಸಿರು ಹಸಿರಾಗಿ ಕಾಣುವುದು ಅದಕ್ಕೇ. ಕೊನೆಗೆ 2700 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ವಾರ್ಮ್ ವೈಟ್ ಹುಡುಕಿ ತಂದು, ಅದಕ್ಕೂ ತಮಿಯಾ ಕಂಪನಿಯ ಎಕ್ಸ್-26 ಕ್ಲಿಯರ್ ಆರೆಂಜ್ ಒಂದು ತೆಳು ಪದರ ಹಚ್ಚಿದೆ. ಆಗ ಬಂತು ನೋಡಿ, ಹಳೆ ಬಸ್ಸಿನ ಬಣ್ಣ. ಇಂಡಿಕೇಟರಿಗೆ ಮಾತ್ರ ಬಣ್ಣ ಬಳಿಯಬೇಡಿ, ಆಂಬರ್, ಅಂದರೆ ಕಿತ್ತಳೆ ಹಳದಿ ಎಲ್‌ಇಡಿಯೇ ಸಿಗುತ್ತದೆ.

ವೈರಿನದು ಇನ್ನೊಂದು ಪುರಾಣ. ಒಳಗಿನ ದೀಪಗಳು 0805 ಅನ್ನುವ ಅಳತೆಯವು, 2 ಮಿಲಿಮೀಟರ್ ಉದ್ದ, ಒಂದೂಕಾಲು ಅಗಲ. ಸಾಸಿವೆ ಕಾಳಿನಷ್ಟು. ಮೊದಲ ಸಲ ಮಾಮೂಲಿ ಪ್ಲಾಸ್ಟಿಕ್ ಹೊದಿಕೆಯ ವೈರ್ ಹಾಕಿದ್ದೆ, ಬಸ್ಸಿನ ಚಾವಣಿಯಲ್ಲಿ ಕೇರೆಹಾವು ಓಡಾಡಿದ ಹಾಗೆ ಕಾಣುತ್ತಿತ್ತು. ಈ ಸಲ ನಮ್ಮ ಬೀದಿಯ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ರಿವೈಂಡಿಂಗ್ ಮಾಡಿ ಉಳಿದ ತಾಮ್ರದ ತಂತಿ ಕೇಳಿದೆ. 36 ಗೇಜಿನದು, ಕೂದಲಿಗಿಂತ ಸ್ವಲ್ಪ ದಪ್ಪ. ಒಂದು ಚಾ ಕೊಡಿಸಿದ್ದಕ್ಕೆ ಜೀವಮಾನಕ್ಕಾಗುವಷ್ಟು ಕೊಟ್ಟರು. ಒಂದೇ ತೊಂದರೆ, ಮಾಡೆಲ್ ಮಾಡುವವರಿಗೆ ಅಂತ ಮಾರುವ ತಂತಿಯ ಮೇಲಿನ ಎನಾಮೆಲ್ ಪೊರೆ ಸೋಲ್ಡರಿಂಗ್ ಐರನ್ನಿನ ಬಿಸಿಗೇ ಕರಗಿ ಹೋಗುತ್ತದೆ, ಮೋಟರಿನ ತಂತಿಯದು ಕರಗುವುದಿಲ್ಲ. ಬ್ಲೇಡಿನಿಂದ ಕೆರೆಯಬೇಕು, ಕೆರೆದು ತುದಿಗೆ ಮೊದಲೇ ಸೀಸ ಹಿಡಿಸಿಕೊಳ್ಳಬೇಕು. ಹೀಗೆ ಮಾಡದೆ ನೇರ ಎಲ್‌ಇಡಿಗೆ ಇಟ್ಟು ಉಜ್ಜಿದರೆ ತಂತಿ ಅಂಟುವ ಮೊದಲು ಎಲ್‌ಇಡಿ ಸುಟ್ಟಿರುತ್ತದೆ. ನಾನು ಸುಟ್ಟದ್ದು ಏಳು.

ಇನ್ನೊಂದು, ಈ ತಂತಿ ಎಲ್ಲ ಒಂದೇ ಬಣ್ಣ. ಹೆಡ್‌ಲೈಟಿನದು ಯಾವುದು, ಬ್ರೇಕಿನದು ಯಾವುದು ಅಂತ ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಹೆಂಡತಿಯ ನೇಲ್‌ಪಾಲಿಶ್ ಬಾಟಲಿಗಳನ್ನು ಎರವಲು ತಂದು ತುದಿಗೆ ಚುಕ್ಕೆ ಇಟ್ಟೆ. ಮೆರೂನ್ ಅಂದರೆ ಬ್ರೇಕ್, ಗುಲಾಬಿ ಅಂದರೆ ಎಡ ಇಂಡಿಕೇಟರ್. ಮೈನಸ್ ಎಲ್ಲಕ್ಕೂ ಒಂದೇ, ಬಸ್ಸಿನ ನೆಲದ ಉದ್ದಕ್ಕೂ ಒಂದು ತಾಮ್ರದ ಟೇಪ್ ಅಂಟಿಸಿ ಎಲ್ಲವನ್ನೂ ಅದಕ್ಕೇ ತಂದು ಸೇರಿಸಿದೆ. ನಿಜವಾದ ಬಸ್ಸಿನಲ್ಲೂ ಬಾಡಿಯೇ ಅರ್ತ್ ಅಲ್ವಾ, ಅದೇ ಕ್ರಮ.

ಬೆಳಕು ಸೋರುವ ಸಮಸ್ಯೆ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಸನ್‌ಬೋರ್ಡ್ ಹಗಲಲ್ಲಿ ಗಟ್ಟಿ ಗೋಡೆಯ ಹಾಗೆ ಕಾಣುತ್ತದೆ, ಒಳಗೆ ಎಲ್‌ಇಡಿ ಇಟ್ಟರೆ ಆಕಾಶಬುಟ್ಟಿ. ಹೆಡ್‌ಲೈಟ್ ಹಾಕಿದರೆ ಬಸ್ಸಿನ ಮೂತಿ ಪೂರ್ತಿ ಕೆಂಪಗೆ ಹೊಳೆಯುತ್ತಿತ್ತು, ಜ್ವರ ಬಂದವರ ಹಾಗೆ. ಪ್ರತಿಯೊಂದು ಹೆಡ್‌ಲೈಟ್ ಗೂಡಿಗೂ ಒಳಗೆ ಕಪ್ಪು ಪೇಂಟ್ ಎರಡು ಕೋಟ್ ಹೊಡೆದು, ಅದರ ಮೇಲೆ ಚಪಾತಿ ಸುತ್ತುವ ಫಾಯಿಲ್ ಅಂಟಿಸಿದೆ. ಕಪ್ಪು ಬೆಳಕನ್ನು ತಡೆಯುತ್ತದೆ, ಫಾಯಿಲ್ ಮುಂದಕ್ಕೆ ತಳ್ಳುತ್ತದೆ. ಹಳೆ ಬಸ್ಸಿನ ದುಂಡು ಹೆಡ್‌ಲೈಟ್ 7 ಇಂಚಿನದು, ನನ್ನ ಅಳತೆಗೆ ಏಳೂವರೆ ಮಿಲಿಮೀಟರ್ ಹತ್ತಿರ. ಆ ಅಳತೆಯ ಗಾಜು ಎಲ್ಲಿ ಸಿಗುತ್ತದೆ ಹೇಳಿ? ಅಪ್ಪನ ಬಿಪಿ ಮಾತ್ರೆಯ ಸ್ಟ್ರಿಪ್ಪಿನಲ್ಲಿ. ಮಾತ್ರೆ ತೆಗೆದ ಮೇಲೆ ಉಳಿಯುವ ಆ ಉಬ್ಬು ಪ್ಲಾಸ್ಟಿಕ್ ಹೆಡ್‌ಲೈಟ್ ಗಾಜಿಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಸೂಪರ್ ಗ್ಲೂ ಹಾಕಿ ಅಂಟಿಸಬೇಡಿ ಮಾತ್ರ. ಅದರ ಹೊಗೆಗೆ ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಬಸ್ಸಿಗೆ ಕಣ್ಣಿನ ಆಪರೇಷನ್ ಮಾಡಿಸಬೇಕಾಗುತ್ತದೆ. ಫೆವಿಕಾಲ್ ಸಾಕು.

ಇನ್ನು ಅಸಲಿ ವಿಷಯ, ಕೆಟ್ಟ ಗುಣ ಕಲಿಸುವುದು.

ಮೊದಲ ಸಲ ಇಂಡಿಕೇಟರಿಗೆ 555 ಐಸಿ ಹಾಕಿದ್ದೆ. ಕಾಲೇಜಿನಲ್ಲಿ ಲ್ಯಾಬ್ ಮಾಡಿದ ಎಲ್ಲರಿಗೂ ಗೊತ್ತಿರುವ ಎಂಟು ಕಾಲಿನ ಟೈಮರ್ ಚಿಪ್. 1 ಕಿಲೋಓಮ್, 47 ಕಿಲೋಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ನಿಮಿಷಕ್ಕೆ 91 ಸಲ ಮಿನುಗುತ್ತದೆ, ಲೆಕ್ಕದ ಪ್ರಕಾರ. ಗಾಡಿಗಳ ಇಂಡಿಕೇಟರ್ 60ರಿಂದ 120ರ ಒಳಗೆ ಇರಬೇಕು, ಹಾಗಾಗಿ 91 ಅಂದರೆ ಸರಿಯಾಗಿ ನಡುವೆ. ಕೆಪಾಸಿಟರಿನ ಅಳತೆ ಆಚೀಚೆ ಆಗುವುದರಿಂದ ನನ್ನದು ಎಂಬತ್ತರ ಸುಮಾರಿಗೆ ಮಿನುಗುತ್ತಿತ್ತು, ಅದೇನೂ ಬೇಸರವಿಲ್ಲ. ಬೇಸರ ಏನೆಂದರೆ ಟಕ್ ಅಂತ ಉರಿದು ಟಕ್ ಅಂತ ಆರುವುದು. ಸ್ಕೂಟರಿನ ಹೊಸ ಇಂಡಿಕೇಟರ್ ಹಾಗೆ. ಹಳೆ ಬಸ್ಸಿನದು ಹಾಗಲ್ಲ. ಅದು 21 ವ್ಯಾಟಿನ ಬಲ್ಬು, ಒಳಗಿನ ತಂತಿ ಬಿಸಿಯಾಗಿ ಬೆಳಕು ಬರಬೇಕು, ತಣ್ಣಗಾಗಿ ಆರಬೇಕು. ಹಾಗಾಗಿ ಉಸಿರಾಡಿದ ಹಾಗೆ ಮಿನುಗುತ್ತದೆ.

555 ಕಿತ್ತು ಆರ್ಡುಯಿನೊ ನ್ಯಾನೊ ಹಾಕಿದೆ, ಪ್ರೋಗ್ರಾಮ್ ಬರೆದು ಹೇಳಿದ ಹಾಗೆ ಕುಣಿಸಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡು. ಬಸ್ಸಿನ ಎಂಜಿನ್ ಇರಬೇಕಾದ ಜಾಗದಲ್ಲೇ ಕೂತಿದೆ, ಬಾನೆಟ್ ಎತ್ತಿದರೆ ಕಾಣುತ್ತದೆ. ಇದರಲ್ಲಿ ಬೆಳಕನ್ನು ಏರಿಸಿ ಇಳಿಸಬಲ್ಲ ಪಿನ್ನುಗಳು ಆರು: 3, 5, 6, 9, 10, 11. ನನಗೆ ಬೇಕಾದದ್ದೂ ಆರೇ: ಹೆಡ್‌ಲೈಟ್, ಹಿಂದಿನ ದೀಪ, ಎಡ, ಬಲ, ಒಳಗಿನದು, ಬೋರ್ಡಿನದು. ಇಷ್ಟು ಸರಿಯಾಗಿ ಕೂತದ್ದು ನೋಡಿ ನನಗೇ ಅನುಮಾನ ಬಂತು, ಏನೋ ಮರೆತಿದ್ದೇನೆ ಅಂತ. ಒಂದು ಪಿನ್ನಿನಿಂದ 20 ಮಿಲಿಆಂಪ್ ಮೀರಿ ಎಳೆಯಬಾರದು. ಒಳಗಿನ ಎಂಟು ದೀಪಕ್ಕೆ ನಾಲ್ಕು ನಾಲ್ಕು ಮಿಲಿಆಂಪ್ ಕೊಟ್ಟಿದ್ದರೆ 32 ಆಗಿ, ಅಷ್ಟು ಕರೆಂಟ್ ಹೊರಲು ಮಧ್ಯೆ ಒಂದು ಟ್ರಾನ್ಸಿಸ್ಟರ್ ಬೇಕಾಗುತ್ತಿತ್ತು. ಈಗ ಉರಿಯುವುದು ಆರೇ, ಅದೂ ಒಂದೊಂದು ಮಿಲಿಆಂಪಿನಲ್ಲಿ. ಉಳಿದ ಎರಡು? ಬೇಕು ಅಂತಲೇ ವೈರ್ ಕೊಡದೆ ಬಿಟ್ಟಿದ್ದೇನೆ. ಎಂಟಕ್ಕೆ ಎಂಟೂ ಉರಿದರೆ ಹೊಸ ಬಸ್ಸಾಗಿಬಿಡುತ್ತದೆ.

ಬೆಳಕಿನ ಪ್ರಮಾಣ ಕೊಡುವುದು 0ಯಿಂದ 255ರವರೆಗಿನ ಸಂಖ್ಯೆಯಲ್ಲಿ. ಅರ್ಧ ಬೆಳಕು ಬೇಕು ಅಂತ 128 ಕೊಟ್ಟೆ. ಅರ್ಧ ಕಾಣಲಿಲ್ಲ, ಮುಕ್ಕಾಲಿಗೂ ಜಾಸ್ತಿ ಕಂಡಿತು. ನಮ್ಮ ಕಣ್ಣು ಕತ್ತಲಲ್ಲಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಬೆಳಕು ಜಾಸ್ತಿಯಾದಾಗ ಅಸಡ್ಡೆ ಮಾಡುತ್ತದೆ. ಕಣ್ಣಿಗೆ ಅರ್ಧ ಅನ್ನಿಸಬೇಕಾದರೆ ಕೊಡಬೇಕಾದದ್ದು 55ರ ಹತ್ತಿರ. ಈ ಲೆಕ್ಕಕ್ಕೆ ಗಾಮಾ ತಿದ್ದುಪಡಿ ಅನ್ನುತ್ತಾರೆ, 0.5ನ್ನು 2.2ನೇ ಘಾತಕ್ಕೆ ಏರಿಸಿ 255ರಿಂದ ಗುಣಿಸಿದರೆ ಬರುತ್ತದೆ. ಇದನ್ನು ಬಿಟ್ಟು ಏನೇ ಫೇಡ್ ಮಾಡಿದರೂ ಕೃತಕವಾಗಿ ಕಾಣುತ್ತದೆ. ಒಮ್ಮೆ ಇದನ್ನು ಹಾಕಿದ ಮೇಲೆ ಇಂಡಿಕೇಟರ್ ಏರಲು 80 ಮಿಲಿಸೆಕೆಂಡ್, ಇಳಿಯಲು 150 ಕೊಟ್ಟೆ. ಪುಸ್ತಕ ನೋಡಿ ಅಲ್ಲ, ಕಣ್ಣಿನ ಅಂದಾಜಿಗೆ, ನಾಲ್ಕು ದಿನ ಸಂಜೆ ಕೂತು. ನಾಲ್ಕನೇ ದಿನ ಮಗಳು ಬಂದು "ಅಪ್ಪಾ, ಅದು ಕಣ್ಣು ಮಿಟುಕಿಸ್ತಾ ಇದೆ" ಅಂದಳು. ಅಲ್ಲಿಗೆ ನಿಲ್ಲಿಸಿದೆ.

ಹಿಂದಿನ ಕೆಂಪು ದೀಪಕ್ಕೂ ಬ್ರೇಕಿಗೂ ಬೇರೆ ಬೇರೆ ಎಲ್‌ಇಡಿ ಬೇಡ. ನಿಜವಾದ ಬಸ್ಸಿನಲ್ಲೂ ಒಂದೇ ಬಲ್ಬು, ಒಳಗೆ ಎರಡು ತಂತಿ, ಒಂದು 5 ವ್ಯಾಟ್ ಇನ್ನೊಂದು 21. ಹಾಗಾಗಿ ಮಾಮೂಲಿಗೆ 40, ಬ್ರೇಕ್ ಒತ್ತಿದರೆ 255. ಮುಗಿಯಿತು.

ಸೆಲ್ಫ್ ಹೊಡೆಯುವುದು ಮಾತ್ರ ಎರಡು ತಿಂಗಳು ತಿಂದಿತು. ಬಸ್ಸಿನ ವೈರಿಂಗ್ 24 ವೋಲ್ಟಿನದು, 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಸೆಲ್ಫ್ ಮೋಟರ್ ತಿರುಗುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂದರೆ ಬ್ಯಾಟರಿಯ ವೋಲ್ಟೇಜೇ ಕುಸಿಯುತ್ತದೆ, ಅದಕ್ಕೇ ಲೈಟ್ ಮಂಕಾಗುವುದು. ಮೊದಲು ನಾನು ಸುಮ್ನೆ ಎರಡು ಸೆಕೆಂಡ್ ಬೆಳಕು ಅರ್ಧಕ್ಕೆ ಇಳಿಸಿ ಮತ್ತೆ ಏರಿಸಿದೆ. ಲೈಟಿಗೆ ರೆಗ್ಯುಲೇಟರ್ ತಿರುಗಿಸಿದ ಹಾಗಿತ್ತು, ಎಂಜಿನ್ ಸ್ಟಾರ್ಟ್ ಆದ ಹಾಗೆ ಇರಲಿಲ್ಲ. ಏನೋ ಕಮ್ಮಿ. ಕಣ್ಣು ಮುಚ್ಚಿ ಆ ಸದ್ದು ನೆನಪು ಮಾಡಿಕೊಂಡೆ. ರ‍್ರೊಂ ರ‍್ರೊಂ ರ‍್ರೊಂ ಅಂತ ಏದುಸಿರು ಬಿಡುವ ಸದ್ದು. ಆ ಏದುಸಿರು ಬೆಳಕಿನಲ್ಲೂ ಇರಬೇಕಲ್ವಾ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಗಾಳಿ ಒತ್ತುತ್ತದೆ. ಪ್ರತಿ ಸಲ ಒತ್ತುವಾಗಲೂ ಸೆಲ್ಫಿಗೆ ಭಾರ, ಲೈಟ್ ಇನ್ನಷ್ಟು ಇಳಿಯುತ್ತದೆ, ಒತ್ತಿ ಆದ ಮೇಲೆ ಸ್ವಲ್ಪ ಏರುತ್ತದೆ. ಸೆಲ್ಫ್ ತಿರುಗಿಸುವುದು ನಿಮಿಷಕ್ಕೆ ನೂರೈವತ್ತು, ಇನ್ನೂರು ಸುತ್ತು ಅಂದುಕೊಂಡರೆ ಸೆಕೆಂಡಿಗೆ ಎಂಟ್ಹತ್ತು ನಡುಕ. ನಾನು ಎಂಟು ಇಟ್ಟೆ. ಬೆಳಕು ಮೊದಲು ಧಡ್ ಅಂತ ಕುಸಿದು, ಎಂಟರ ತಾಳದಲ್ಲಿ ನಡುಗಿ, ಎಂಜಿನ್ ಹಿಡಿದ ಕೂಡಲೇ ಏರಿ, ಡೈನಮೋ ಶುರುವಾದದ್ದಕ್ಕೆ ಮೊದಲಿಗಿಂತ ಒಂದು ಚೂರು ಜಾಸ್ತಿ ಬೆಳಗಿ ನಿಲ್ಲಬೇಕು. ಇದಕ್ಕಾಗಿ ನಿಂತ ಬಸ್ಸಿನ ಬೆಳಕನ್ನೇ ಶೇಕಡಾ 90ಕ್ಕೆ ಇಳಿಸಿ ಇಟ್ಟೆ, ಏರಲು ಜಾಗ ಬೇಕಲ್ಲ.

ಇಷ್ಟಾದರೂ ಬಣ್ಣ ಕೈಕೊಟ್ಟಿತು. ಬಲ್ಬು ಮಂಕಾದರೆ ಕೆಂಪಾಗುತ್ತದೆ, ಎಲ್‌ಇಡಿ ಮಂಕಾದರೆ ಬರೀ ಮಂಕಾಗುತ್ತದೆ. ಇದಕ್ಕೆ ಒಂದು ಕಿತಾಪತಿ ಮಾಡಿದೆ. ಒಳಗಿನ ಪ್ರತಿ ದೀಪದ ಪಕ್ಕ ಒಂದು ಆಂಬರ್ ಎಲ್‌ಇಡಿ ಕೂರಿಸಿ, ಅದಕ್ಕೆ 10 ಕಿಲೋಓಮ್ ಹಾಕಿ 0.3 ಮಿಲಿಆಂಪಿನಲ್ಲಿ ಸದಾ ಉರಿಯಲು ಬಿಟ್ಟೆ. ಏರಿಳಿಸುವ ಪಿನ್ ಇದಕ್ಕೆ ಬೇಡ, ಮಾಮೂಲಿ 4ನೇ ಪಿನ್ ಸಾಕು. ಬಿಳಿ ಪೂರ್ತಿ ಉರಿಯುವಾಗ ಆಂಬರ್ ಅಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಬಿಳಿ ಇಳಿದ ಕೂಡಲೇ ಆಂಬರ್ ಮೇಲೆದ್ದು ಕಾಣುತ್ತದೆ, ಬಸ್ಸಿನ ಒಳಗೆಲ್ಲ ಕೆಂಡದ ಬಣ್ಣ. ಮೊದಲ ಸಲ ಅದು ಸರಿಯಾಗಿ ಬಂದಾಗ ರಾತ್ರಿ ಒಂದೂವರೆ ಗಂಟೆ. ಯಾರನ್ನು ಎಬ್ಬಿಸಿ ತೋರಿಸುವುದು. ಒಬ್ಬನೇ ಕೂತು ಮೂವತ್ತು ಸಲ ಸೆಲ್ಫ್ ಹೊಡೆದೆ.

ಹುರುಪಿನಲ್ಲಿ ಇನ್ನೂ ಏನೇನೋ ಸೇರಿಸಿದೆ, ಐಡಲ್‌ನಲ್ಲಿ ನಿಂತಾಗ ಲೈಟ್ ಅದುರುವುದು, ಗುಂಡಿಯಲ್ಲಿ ಬಿದ್ದಾಗ ಒಂದು ದೀಪ ಮಿಟುಕುವುದು. ಮಾರನೇ ದಿನ ನೋಡಿದರೆ ಆರ್ಕೆಸ್ಟ್ರಾ ಸ್ಟೇಜು. ಎಲ್ಲ ತೆಗೆದೆ. ಒಂದನ್ನು ಮಾತ್ರ ಉಳಿಸಿಕೊಂಡೆ, ನಾಲ್ಕು ಸಲಕ್ಕೆ ಒಂದು ಸಲ ಎಂಜಿನ್ ಹಿಡಿಯುವುದಿಲ್ಲ. ಲೈಟ್ ನಡುಗಿ ನಡುಗಿ ಮತ್ತೆ ಮೊದಲಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಬೇಕು. ಯಾವ ಸಲ ಅಂತ ನನಗೂ ಗೊತ್ತಿರುವುದಿಲ್ಲ.

ಪವರ್ ಬಗ್ಗೆ ಒಂದು ಮಾತು. ಪವರ್ ಬ್ಯಾಂಕಿನಲ್ಲಿ ಓಡಿಸೋಣ ಅಂತ ಹೋದರೆ ಅರ್ಧ ನಿಮಿಷಕ್ಕೆ ತಾನೇ ಆಫ್ ಆಗುತ್ತಿತ್ತು. ಬಸ್ಸು ಪೂರ್ತಿ ಉರಿದರೂ ಎಳೆಯುವುದು 50–60 ಮಿಲಿಆಂಪ್, ಅಷ್ಟು ಕಡಿಮೆ ಎಳೆದರೆ ಫೋನ್ ಚಾರ್ಜ್ ಆಗಿ ಮುಗಿಯಿತು ಅಂತ ಅದು ತಿಳಿದುಕೊಳ್ಳುತ್ತದೆ. ಹಳೆ ಮೊಬೈಲ್ ಚಾರ್ಜರ್ ಹಾಕಿದೆ, ಆ ತಲೆನೋವು ಹೋಯಿತು.

ಕಳೆದ ತಿಂಗಳು ಮಾವ ಮತ್ತೆ ಬಂದಿದ್ದರು. ಈ ಸಲ ನಾನೇನೂ ಹೇಳಲಿಲ್ಲ, ರೂಮಿನ ಲೈಟ್ ಆರಿಸಿ ಗುಂಡಿ ಎಲ್ಲಿದೆ ಅಂತ ತೋರಿಸಿ ಪಕ್ಕಕ್ಕೆ ನಿಂತೆ. ಅವರೇ ಒತ್ತಿದರು. ಬೆಳಕು ಕೆಂಪಾಗಿ ನಡುಗಿತು, ಎಂಜಿನ್ ಹಿಡಿಯಿತು, ಏರಿ ನಿಂತಿತು. ಮುಖದಲ್ಲಿ ಏನೂ ಕಾಣಲಿಲ್ಲ, ಕತ್ತಲು ಬೇರೆ. ಆಫ್ ಮಾಡಿ ಮತ್ತೆ ಒತ್ತಿದರು. ಹಿಡಿಯಿತು. ಮತ್ತೆ ಒತ್ತಿದರು. ಈ ಸಲ ನಡುಗಿ ನಡುಗಿ ಬಿಟ್ಟುಬಿಟ್ಟಿತು. ನಾನು ಅದು ಪ್ರೋಗ್ರಾಮಿನಲ್ಲೇ ಹಾಗೆ ಬರೆದದ್ದು ಅಂತ ಹೇಳಲು ಬಾಯಿ ತೆಗೆದೆ.

"ಬ್ಯಾಟರಿ ಇಳಿದೈತೆ ಕಣೋ" ಅಂದರು. "ಹಿಂಗೆ ಮಟ್ಟದ ಮೇಲೆ ಯಾಕೆ ನಿಲ್ಲಿಸಿದ್ದೀಯಾ? ಇಳಿಜಾರಲ್ಲಿ ನಿಲ್ಲಿಸಿದ್ರೆ ಬ್ರೇಕ್ ಬಿಟ್ಟು ಗೇರಲ್ಲೇ ಸ್ಟಾರ್ಟ್ ಮಾಡಬೌದಿತ್ತು."

ಈಗ ಬಸ್ಸಿನ ಕೆಳಗಿನ ಪ್ಲೈವುಡ್ ಬೇಸ್ ಬಿಚ್ಚಿ ಒಂದು ಕಡೆ ಎತ್ತರಿಸುತ್ತಿದ್ದೇನೆ. ಎಷ್ಟು ಇಳಿಜಾರು ಬೇಕು ಅಂತ ಭಾನುವಾರ ಫೋನ್ ಮಾಡಿ ಕೇಳಬೇಕು.